ವಿಂಡೋಸ್ ಅಪ್‌ಗ್ರೇಡ್ ಮಾಡೋದಾ, ಫ್ರೆಶ್ಶಾಗಿ ಹಾಕೋದಾ?

ವಿಂಡೋಸ್ 10ಕ್ಕೆ ಮಾಮೂಲಿ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೇ ಮುಗೀತು, 11ಕ್ಕೆ ಹೋಗೋರು ಮೊದ್ಲು ಕಂಪ್ಯೂಟರಲ್ಲಿ ಟಿಪಿಎಂ 2.0 (ಸೆಕ್ಯುರಿಟಿ ಚಿಪ್ಪು, 11ಕ್ಕೆ ಬೇಕೇ ಬೇಕು) ಇದ್ಯಾ ನೋಡ್ಕೊಳ್ಳಿ. ಸಿಸ್ಟಮ್ ಚೆನ್ನಾಗೇ ಓಡ್ತಿದ್ರೆ ಅಪ್‌ಗ್ರೇಡ್ ಸಾಕು, ಫೈಲು ಸಾಫ್ಟ್‌ವೇರು ಎಲ್ಲಾ ಇದ್ದಲ್ಲೇ ಇರುತ್ತೆ, ಇಷ್ಟ ಆಗ್ಲಿಲ್ವಾ, 10 ದಿನದೊಳಗೆ ಸೆಟ್ಟಿಂಗ್ಸ್‌ನಲ್ಲಿ ರಿಕವರಿಗೆ ಹೋಗಿ ಗೋ ಬ್ಯಾಕ್ ಕೊಟ್ರೆ ಹಳೇದೇ ವಾಪಸ್.

ಆದ್ರೆ ಎರರ್ರು, ಹ್ಯಾಂಗು ಅಂತ ಮೊದ್ಲಿಂದ್ಲೂ ಒದ್ದಾಡ್ತಿದ್ರೆ ಆ ಕಸ ಹೊಸದಕ್ಕೂ ಬರಬಹುದು, ಫ್ರೆಶ್ ಇನ್‌ಸ್ಟಾಲೇ (ಸಿ ಡ್ರೈವಲ್ಲಿರೋದನ್ನೆಲ್ಲಾ ಅಳಿಸಿ ಹೊಸದಾಗಿ ಹಾಕೋದು) ವಾಸಿ. ಬ್ಯಾಕಪ್ಪನ್ನ ಬೇರೆ ಡ್ರೈವಿಗೇ ತಗೊಳ್ಳಿ (ಡೆಸ್ಕ್‌ಟಾಪಲ್ಲಿ ಇಟ್ಟಿದ್ದೂ ಸಾಮಾನ್ಯವಾಗಿ ಸಿ ಡ್ರೈವಲ್ಲೇ ಇರೋದು, ಸುಮಾರು ಜನ ಮರೀತಾರೆ), 8 ಜಿಬಿ ಖಾಲಿ ಪೆನ್‌ಡ್ರೈವಿಗೆ ಮೈಕ್ರೋಸಾಫ್ಟ್‌ನವರದ್ದೇ ಮೀಡಿಯಾ ಕ್ರಿಯೇಷನ್ ಟೂಲಿಂದ ವಿಂಡೋಸ್ ಹಾಕಿ ಅದ್ರಿಂದ ಬೂಟ್ ಮಾಡಿ (ಅಂದ್ರೆ ಕಂಪ್ಯೂಟರನ್ನ ಅದ್ರಿಂದ್ಲೇ ಶುರು ಮಾಡಿ). ಪ್ರಾಡಕ್ಟ್ ಕೀ (ವಿಂಡೋಸ್ ಲೈಸೆನ್ಸ್ ಕೋಡ್) ಕೇಳಿದ್ರೆ ಇಲ್ಲ ಅನ್ನೋ ಆಪ್ಷನ್ ಒತ್ತಿ, ಮೊದ್ಲಿದ್ದ ಎಡಿಷನ್ನೇ (ಹೋಮ್, ಪ್ರೊ ಹೀಗೆ) ಹಾಕಿದ್ರೆ ನೆಟ್ ಸಿಕ್ಮೇಲೆ ಸಾಮಾನ್ಯವಾಗಿ ತಾನೇ ಆಕ್ಟಿವೇಟ್ ಆಗುತ್ತೆ.