ಫ್ಯಾನ್ ಬೈಯುತ್ತದೆ ಎಂದರೆ ಏನು ಮಾಡುವುದು? ಸ್ಕಿಜೋಫ್ರೇನಿಯಾ ಗುರುತಿಸುವ ಬಗೆ

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಕಡೆಯ ಒಂದು ತೋಟದ ಮನೆ ಎಂದುಕೊಳ್ಳಿ. ಡಿಗ್ರಿ ಓದುವ ಮಗ ಸೆಕೆಯಲ್ಲೂ ಫ್ಯಾನ್ ಹಾಕಲು ಬಿಡುವುದಿಲ್ಲ. ಅದರೊಳಗಿಂದ ಯಾರೋ ಬೈಯುತ್ತಾರಂತೆ. ಗಂಜಿ ಬಡಿಸಿದರೆ 'ಅಮ್ಮಾ, ಮೊದಲು ನೀನು ಉಣ್ಣು' ಎನ್ನುತ್ತಾನೆ. ವಿಷದ ಸಂಶಯ. ನೆರೆಯವರು 'ಜ್ಯೋತಿಷಿಯ ಹತ್ತಿರ ಪ್ರಶ್ನೆ ಇಡಿಸಿ' ಎನ್ನುತ್ತಾರೆ. ಆದರೆ ಇದು ಸ್ಕಿಜೋಫ್ರೇನಿಯಾ ಎಂಬ ಮನಸ್ಸಿನ ಕಾಯಿಲೆ ಇರಬಹುದು.

ಮೊದಲ ಕೆಲಸ, ಬರೆದಿಡುವುದು. ಹಾಲಿನ ಲೆಕ್ಕ ಗೀಚುವ ಕ್ಯಾಲೆಂಡರ್ ಸಾಕು. ನಿದ್ದೆ ಯಾವತ್ತಿನಿಂದ ಕೆಟ್ಟಿತು? ಸ್ನಾನ ಯಾವಾಗ ಬಿಟ್ಟ? ಒಬ್ಬನೇ ಇದ್ದಾಗ ಯಾರಿಗೆ ಉತ್ತರ ಕೊಡುತ್ತಿದ್ದ? ದನಿ ಕೇಳುವುದು, ಸಂಶಯಪಡುವುದು ಬೇಗ ಕಣ್ಣಿಗೆ ಬೀಳುತ್ತವೆ. ಗೆಳೆಯರನ್ನು ಬಿಟ್ಟು ಕೋಣೆ ಸೇರುವುದು, ಮುಖದಲ್ಲಿ ನಗುವೂ ಇಲ್ಲ ಅಳುವೂ ಇಲ್ಲ ಎಂಬಂತಿರುವುದು ಮಾತ್ರ ಸೋಮಾರಿತನದ ಲೆಕ್ಕಕ್ಕೆ ಹೋಗುತ್ತವೆ. ಅಲ್ಲೇ ತಿಂಗಳುಗಟ್ಟಲೆ ಕಳೆದುಹೋಗುತ್ತದೆ. ಗಂಡುಮಕ್ಕಳಲ್ಲಿ ಇದು ಹೆಚ್ಚಾಗಿ ಇಪ್ಪತ್ತರ ಆಸುಪಾಸಿನಲ್ಲಿ ಶುರು, ಹೆಣ್ಣುಮಕ್ಕಳಲ್ಲಿ ಸ್ವಲ್ಪ ತಡ. ಲೋಕದಲ್ಲಿ ಸುಮಾರು 300 ಜನರಲ್ಲಿ ಒಬ್ಬರಿಗೆ ಈ ಕಾಯಿಲೆ ಇದೆ.

ಪಾತ್ರಿಯ ಮೈಮೇಲೆ ದೈವ ಬರುವುದಕ್ಕೂ ಇದಕ್ಕೂ ಗಂಟು ಹಾಕಬೇಡಿ. ಅದಕ್ಕೊಂದು ದಿನ, ಹೊತ್ತು, ಅಂಗಳ ಇದೆ. ಮರುದಿನ ಆತ ಎಂದಿನಂತೆ ತೋಟಕ್ಕೆ ಹೋಗುತ್ತಾನೆ. ಕಾಯಿಲೆಯ ದನಿಗೆ ಹೊತ್ತುಗೊತ್ತಿಲ್ಲ.

'ಯಾರೂ ಇಲ್ಲ, ಎಲ್ಲ ನಿನ್ನ ಭ್ರಮೆ' ಎಂದು ವಾದಕ್ಕಿಳಿಯಬೇಡಿ. ಅವನಿಗೆ ನಿಜವಾಗಿಯೇ ಕೇಳುತ್ತಿರುತ್ತದೆ. ಹಾಗಂತ ಹೂಂ ಅನ್ನುವುದೂ ಬೇಡ. 'ನನಗೆ ಕೇಳಿಸ್ತಿಲ್ಲ. ನಿನಗೆ ಹೆದರಿಕೆ ಆಗ್ತಿದೆ ಅಲ್ವಾ?' ಅಂದರೆ ಸಾಕು.

ಆಮೇಲೆ ಮನೋವೈದ್ಯರು. ಈ ಕಾಯಿಲೆಯನ್ನು ಖಚಿತವಾಗಿ ಹೇಳುವ ರಕ್ತಪರೀಕ್ಷೆ ಇಲ್ಲ. ಪರೀಕ್ಷೆ ಮಾಡಿಸುವುದು ಥೈರಾಯ್ಡ್, ಗಾಂಜಾ ಇತ್ಯಾದಿ ಬೇರೆ ಕಾರಣ ಇದೆಯಾ ಎಂದು ನೋಡಲಿಕ್ಕೆ. ಹಾಗಾಗಿ ಮನೆಯವರು ಹೇಳುವುದೇ ಮುಖ್ಯ. ನಮ್ಮಲ್ಲಿ ತೊಡಕು ಇಲ್ಲೇ: ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಆಸ್ಪತ್ರೆಯಲ್ಲಿ ಮಲಯಾಳ. ದನಿ ಬೈಯುವುದು ತುಳುವಿನಲ್ಲಾದರೆ ತುಳುವಿನಲ್ಲೇ ಬರೆದುಕೊಳ್ಳಿ. ಮಲಯಾಳ ಚೆನ್ನಾಗಿ ಬಲ್ಲ ಮಾವನನ್ನೋ ಚಿಕ್ಕಪ್ಪನನ್ನೋ ಜೊತೆಗೆ ಕರೆದೊಯ್ಯಿರಿ. ಎಲ್ಲಿಗೆ ಹೋಗುವುದೆಂದು ತಿಳಿಯದಿದ್ದರೆ ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ಹಗಲೂ ರಾತ್ರಿಯೂ ಉಚಿತ. ದನಿ 'ಸಾಯಿ' ಅನ್ನುತ್ತಿದ್ದರೆ ಅವತ್ತೇ ಆಸ್ಪತ್ರೆಗೆ ಹೊರಡಿ, ಒಬ್ಬನನ್ನೇ ಬಿಡಬೇಡಿ.

ವೈದ್ಯರು ಕೊಟ್ಟ ಮಾತ್ರೆ ಪೂರ್ತಿ ಕೆಲಸ ಮಾಡಲು ವಾರಗಳು ಬೇಕು. ನಿದ್ದೆ ಜಾಸ್ತಿಯಾಗಬಹುದು, ತೂಕ ಏರಬಹುದು. ಅದನ್ನು ವೈದ್ಯರಿಗೆ ಹೇಳಿ, ಮಾತ್ರೆ ಬದಲಿಸಬಹುದು. 'ಹುಷಾರಾದ್ನಲ್ಲ' ಎಂದು ನೀವೇ ನಿಲ್ಲಿಸಿದರೆ ಕಾಯಿಲೆ ಮರುಕಳಿಸುವುದೇ ಜಾಸ್ತಿ. ಮಾತ್ರೆ ಶುರುವಾದ ದಿನವನ್ನೂ ಅದೇ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. 'ಇವತ್ತು ತಾನೇ ಫ್ಯಾನ್ ಹಾಕಿದ' ಎಂಬುದನ್ನೂ ಬರೆಯಿರಿ. ಮುಂದಿನ ಸಲ ವೈದ್ಯರು ಕೇಳುವುದು ಅಂಥದ್ದನ್ನೇ.