ವಾಲ್ವ್ ಆಂಪ್ಲಿಫೈಯರ್ ಕಟ್ಟುತ್ತೀರಾ? ಮೊದಲು ಪವರ್ ಸಪ್ಲೈ ಲೆಕ್ಕ ಹಾಕಿ

ವಾಲ್ವ್ ಆಂಪ್ಲಿಫೈಯರ್ ಕಟ್ಟಲು ಹೊರಟವರು ಮೊದಲು ಹುಡುಕುವುದು ವಾಲ್ವನ್ನೇ, ಅಂದರೆ ಹಳೇ ರೇಡಿಯೊಗಳಲ್ಲಿದ್ದ ಗಾಜಿನ ಬುರುಡೆಯನ್ನೇ. ನಾನೂ ಹಾಗೇ ಮಾಡಿದ್ದೆ. ಗುಜರಿಯಲ್ಲಿ ಹಳೇ ರೇಡಿಯೊದಿಂದ ಬಿಚ್ಚಿದ ಎರಡು ಇಎಲ್84 ವಾಲ್ವ್ ಸಿಕ್ಕವು. ಮೈಮೇಲೆ ಬಿಇಎಲ್ (ಭಾರತ್ ಎಲೆಕ್ಟ್ರಾನಿಕ್ಸ್) ಮುದ್ರೆ, ಅಂದರೆ ನಮ್ಮ ಬೆಂಗಳೂರಿನವೇ! ಖುಷಿಯಲ್ಲಿ ಪಕ್ಕದಲ್ಲೇ ಬಿದ್ದಿದ್ದ 300-0-300 ವೋಲ್ಟಿನ (ನಡುವಿನ ತಂತಿಯಿಂದ ಎರಡೂ ತುದಿಗೆ 300 ವೋಲ್ಟ್) ಟ್ರಾನ್ಸ್‌ಫಾರ್ಮರನ್ನೂ ಎತ್ತಿಕೊಂಡು ಬಂದೆ. ಸ್ವಿಚ್ ಹಾಕಿದೆ. ವಾಲ್ವ್ ಇನ್ನೂ ಬಿಸಿಯಾಗಿರಲಿಲ್ಲ, 350 ವೋಲ್ಟಿನ ಕೆಪಾಸಿಟರ್ ಢಮಾರ್ ಅಂತು. ಮೇಜಿನ ತುಂಬ ಬೆಳ್ಳಿ ಕಾಗದದ ಚೂರು.

ಸಿಕ್ಕಿದ ಟ್ರಾನ್ಸ್‌ಫಾರ್ಮರಿಗೆ ವಾಲ್ವ್ ಹೊಂದಿಸಲು ಹೋಗಿದ್ದೇ ತಪ್ಪು. ಲೆಕ್ಕ ವಾಲ್ವಿನಿಂದ ಶುರುವಾಗಿ ಹಿಂದಕ್ಕೆ, ಗೋಡೆಯ ಪ್ಲಗ್‌ವರೆಗೆ ಬರಬೇಕು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇಲ್ಲಿರುವುದು 300 ವೋಲ್ಟ್ ಡಿಸಿ. ಪ್ಲಗ್ ಕಿತ್ತ ಮೇಲೂ ಕೆಪಾಸಿಟರಿನಲ್ಲಿ ಕೂತಿರುತ್ತದೆ, ಜೀವ ತೆಗೆಯಬಲ್ಲದು. ಮೀಟರಿನಲ್ಲಿ ಸೊನ್ನೆ ಹತ್ತಿರ ಬಂದಿದೆಯಾ ಅಂತ ನೋಡದೆ ಕೈ ಹಾಕಬೇಡಿ. ಮೇನ್ಸ್ ವೈರಿಂಗ್ ಅನುಭವವೇ ಇಲ್ಲದಿದ್ದರೆ ಗೊತ್ತಿರುವವರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ.

ವಾಲ್ವಿಗೆ ಏನು ಬೇಕು?

ಒಂದು ಸಣ್ಣ ಸ್ಟೀರಿಯೊ ಆಂಪ್ಲಿಫೈಯರ್ ತೆಗೆದುಕೊಳ್ಳೋಣ. ಸ್ಪೀಕರ್ ನಡೆಸಲು ಕೊನೆಯಲ್ಲಿ ಚಾನೆಲ್ಲಿಗೊಂದು ಇಎಲ್84, ಅದಕ್ಕೂ ಮೊದಲು ಸಣ್ಣ ಸಿಗ್ನಲ್ ಹಿಗ್ಗಿಸಲು ಎರಡೂ ಚಾನೆಲ್ಲಿಗೆ ಸೇರಿ ಒಂದು ಇಸಿಸಿ83 ವಾಲ್ವ್. ಡೇಟಾಶೀಟ್ ಪ್ರಕಾರ ಇಎಲ್84ರ ಪ್ಲೇಟಿಗೆ (ಕರೆಂಟು ಬಂದು ಸೇರುವ ಲೋಹದ ತಗಡು) 250 ವೋಲ್ಟ್, 48 ಮಿಲಿಆಂಪಿಯರ್. ಸ್ಕ್ರೀನಿಗೆ (ಒಳಗಿನ ಒಂದು ಜಾಲರಿ) ಇನ್ನೊಂದು ಐದೂವರೆ. ಎರಡು ವಾಲ್ವಿಗೆ 107 ಆಯಿತು, ಇಸಿಸಿ83ಗೆ ಎರಡು ಮಿಲಿಆಂಪಿಯರ್ ಸಾಕು. ಒಟ್ಟು 110 ಅಂತ ಇಟ್ಟುಕೊಳ್ಳಿ.

ಪ್ಲೇಟಿನಲ್ಲಿ 250 ಬೇಕು ಅಂದರೆ ಸಪ್ಲೈ 250 ಇದ್ದರೆ ಸಾಲದು. ಕ್ಯಾಥೋಡಿನ ಬಯಾಸ್ (ವಾಲ್ವಿನ ಕರೆಂಟನ್ನು ಹಿಡಿತದಲ್ಲಿಡುವ ವೋಲ್ಟ್) 7 ವೋಲ್ಟ್ ತಿನ್ನುತ್ತದೆ, ಔಟ್‌ಪುಟ್ ಟ್ರಾನ್ಸ್‌ಫಾರ್ಮರಿನ ತಂತಿ ಹತ್ತು ಹದಿನೈದು ತಿನ್ನುತ್ತದೆ. ಹಾಗಾಗಿ ಸುಮಾರು 270 ಬೇಕು.

ವಾಲ್ವನ್ನು ಒಳಗಿನಿಂದ ಬಿಸಿ ಮಾಡುವ ಹೀಟರಿಗೆ 6.3 ವೋಲ್ಟ್. ಇಎಲ್84 ಒಂದಕ್ಕೆ 0.76 ಆಂಪಿಯರ್, ಇಸಿಸಿ83ಗೆ 0.3. ಒಟ್ಟು 1.82. ಮೂರು ಆಂಪಿಯರಿನ ಸುರುಳಿ ಹಾಕಿಸಿದರೆ ತಣ್ಣಗಿರುತ್ತದೆ.

ಟ್ರಾನ್ಸ್‌ಫಾರ್ಮರ್

ಎಸಿಯನ್ನು ಡಿಸಿ ಮಾಡಲು 220-0-220 ಸುರುಳಿಗೆ ಎರಡು ಡಯೋಡ್, ಮುಂದೆ ಕೆಪಾಸಿಟರ್. ಕೆಪಾಸಿಟರ್ ಎಸಿಯ ತುತ್ತತುದಿಯವರೆಗೆ ತುಂಬಿಕೊಳ್ಳುತ್ತದೆ, ಹಾಗಾಗಿ 220ನ್ನು 1.414ರಿಂದ ಗುಣಿಸಿದರೆ 311. ಲೋಡ್ ಬಿದ್ದಾಗ ಇಳಿದು 285ರ ಆಸುಪಾಸಿಗೆ ಬರುತ್ತದೆ. ಮುಂದಿನ ಚೋಕ್‌ನಲ್ಲಿ (ಕಬ್ಬಿಣದ ಮೇಲೆ ಸುತ್ತಿದ ತಂತಿ ಸುರುಳಿ) ಹದಿನಾರು ವೋಲ್ಟ್ ಹೋದರೆ ನಮಗೆ ಬೇಕಾದ 270 ಸಿಕ್ಕಿತು. ಸುರುಳಿ 150 ಮಿಲಿಆಂಪಿಯರಿನದು ಇರಲಿ.

ಬೆಂಗಳೂರಿನ ಎಸ್‌.ಪಿ. ರಸ್ತೆಯ ಸುತ್ತಮುತ್ತ ಟ್ರಾನ್ಸ್‌ಫಾರ್ಮರ್ ಸುತ್ತಿಕೊಡುವವರು ಸಿಗುತ್ತಾರೆ. ಇಷ್ಟನ್ನೂ ಚೀಟಿಯಲ್ಲಿ ಬರೆದುಕೊಂಡು ಹೋಗಿ. ಪ್ರೈಮರಿಯಲ್ಲಿ 230ರ ಜೊತೆ 250ಕ್ಕೂ ಒಂದು ಟ್ಯಾಪಿಂಗ್ ಹಾಕಿಸುವುದನ್ನು ಮರೆಯಬೇಡಿ. ನಮ್ಮಲ್ಲಿ ರಾತ್ರಿ ಹೊತ್ತು ಕರೆಂಟು 250ಕ್ಕೆ ಏರುವುದು ಹೊಸದೇನಲ್ಲ ಅಲ್ವಾ? ಇಎಲ್84 ಪ್ಲೇಟಿನ ಮಿತಿ 12 ವ್ಯಾಟ್. 250 ವೋಲ್ಟ್, 48 ಮಿಲಿಆಂಪಿಯರ್ ಅಂದರೆ ಸರಿಯಾಗಿ 12. ಅಂದರೆ ನಾವು ಆಗಲೇ ಅಂಚಿನಲ್ಲಿದ್ದೇವೆ. ಮನೆಯಲ್ಲಿ ವೋಲ್ಟೇಜ್ ಜಾಸ್ತಿ ಇದ್ದರೆ ಸುಮ್ನೆ 250ರ ಟ್ಯಾಪಿಗೆ ಹಾಕಿಬಿಡಿ.

ಡಯೋಡಿಗೆ 1ಎನ್4007 ಸಾಕು, ಒಂದೊಂದು ಬದಿಗೆ ಎರಡೆರಡು ಸೀರೀಸ್‌ನಲ್ಲಿ. ಇಝಡ್81 ವಾಲ್ವ್ ರೆಕ್ಟಿಫೈಯರ್ ಹಾಕುವ ಆಸೆಯಿದ್ದರೆ ಹೀಟರಿಗೆ ಇನ್ನೊಂದು ಆಂಪಿಯರ್ ಸೇರಿಸಿ, ಸುರುಳಿಯ ವೋಲ್ಟನ್ನೂ ಸ್ವಲ್ಪ ಏರಿಸಿ, ಅದು ತಾನೂ ಒಂದಿಷ್ಟು ವೋಲ್ಟ್ ತಿನ್ನುತ್ತದೆ. ಅದರ ಮುಂದಿನ ಮೊದಲ ಕೆಪಾಸಿಟರ್ 50 ಮೈಕ್ರೋಫ್ಯಾರಡ್ ದಾಟಬಾರದು.

ಗುಂಯ್ ಅನ್ನುವುದನ್ನು ಅಡಗಿಸುವುದು

ಮೊದಲ ಕೆಪಾಸಿಟರ್ 47 ಮೈಕ್ರೋಫ್ಯಾರಡ್. ಅಲ್ಲಿ ಡಿಸಿ ಮೇಲೆ ಸುಮಾರು 23 ವೋಲ್ಟಿನ ಏರಿಳಿತ ಉಳಿದಿರುತ್ತದೆ, ಸೆಕೆಂಡಿಗೆ 100 ಸಲ. ಇದನ್ನು ಹಾಗೇ ವಾಲ್ವಿಗೆ ಕೊಟ್ಟರೆ ಸ್ಪೀಕರಿನಲ್ಲಿ ಜೇನುಗೂಡು. 100 ಓಮ್ ರೆಸಿಸ್ಟರ್, ಅದರ ಮುಂದೆ 100 ಮೈಕ್ರೋಫ್ಯಾರಡ್ ಹಾಕಿದರೆ ಆರನೇ ಒಂದು ಭಾಗಕ್ಕೆ ಇಳಿಯುತ್ತದೆ, ಇನ್ನೂ ನಾಲ್ಕು ವೋಲ್ಟಿನ ಹತ್ತಿರ. ಆ ರೆಸಿಸ್ಟರ್ ಜಾಗದಲ್ಲಿ 10 ಹೆನ್ರಿಯ ಚೋಕ್ ಹಾಕಿ ನೋಡಿ. 100 ಹರ್ಟ್ಸ್‌ಗೆ ಅದು ಒಡ್ಡುವ ತಡೆ 6,280 ಓಮ್, ಕೆಪಾಸಿಟರಿನದು 16. ಏರಿಳಿತ ನಾನೂರನೇ ಒಂದು ಭಾಗ, ಸುಮಾರು 60 ಮಿಲಿವೋಲ್ಟ್. ಡಿಸಿಗೆ ಮಾತ್ರ ಬರೀ 150 ಓಮ್‌ನಷ್ಟು ತಡೆ. ದುಡ್ಡು ಉಳಿಸುವುದಿದ್ದರೆ ಬೇರೆಲ್ಲಾದರೂ ಉಳಿಸಿ, ಚೋಕ್‌ನಲ್ಲಿ ಬೇಡ.

ಟ್ಯೂಬ್‌ಲೈಟ್ ಚೋಕ್ ಹಾಕಿದರೆ ಆಗಲ್ವಾ ಅಂತ ತುಂಬ ಜನ ಕೇಳುತ್ತಾರೆ. ಆಗುತ್ತದೆ. ಆದರೆ ಅದು ಒಂದು ಹೆನ್ರಿ ಚಿಲ್ಲರೆ. ಏರಿಳಿತ ಅರ್ಧ ವೋಲ್ಟಿನಷ್ಟು ಉಳಿಯುತ್ತದೆ.

ಇಸಿಸಿ83ಗೆ ಇನ್ನೊಂದು ಸೋಸುವಿಕೆ ಬೇಕು: 10 ಕಿಲೋಓಮ್, 22 ಮೈಕ್ರೋಫ್ಯಾರಡ್. 20 ವೋಲ್ಟ್ ಹೋಗುತ್ತದೆ, ಹೋಗಲಿ.

ಕೆಪಾಸಿಟರ್ ಎಲ್ಲವೂ 450 ವೋಲ್ಟಿನವು. 270ಕ್ಕೆ ಇಷ್ಟೊಂದು ಯಾಕೆ? ನನ್ನ ಢಮಾರ್ ನೆನಪಿಸಿಕೊಳ್ಳಿ. ಡಯೋಡ್ ತಕ್ಷಣ ವೋಲ್ಟ್ ಕೊಡುತ್ತದೆ, ವಾಲ್ವ್ ಕರೆಂಟು ಎಳೆಯಲು ಇನ್ನೂ ಹತ್ತಾರು ಸೆಕೆಂಡ್ ಬೇಕು. ಆ ಹೊತ್ತಿನಲ್ಲಿ ಲೋಡೇ ಇಲ್ಲ. ಮೇನ್ಸ್ 250 ಇದ್ದರೆ 360-370 ವೋಲ್ಟ್ ಏರಬಹುದು.

ಚೋಕ್ ಆದಮೇಲಿನ 100 ಮೈಕ್ರೋಫ್ಯಾರಡ್‌ಗೆ ಅಡ್ಡಲಾಗಿ 100 ಕಿಲೋಓಮ್, 3 ವ್ಯಾಟಿನ ರೆಸಿಸ್ಟರ್ ಹಾಕಿ. ಆಫ್ ಮಾಡಿದ ಮೇಲೆ ಒಂದೂವರೆ ನಿಮಿಷದಲ್ಲಿ ಎಲ್ಲ ಬರಿದಾಗುತ್ತದೆ. ಅದನ್ನು ನಂಬಿ ಮೀಟರ್ ಬಿಡಬೇಡಿ, ರೆಸಿಸ್ಟರೂ ಸುಟ್ಟು ಕೆಡಬಹುದು.

ತೂತು ಕೊರೆಯುವ ಮುಂಚೆ

ಟ್ರಾನ್ಸ್‌ಫಾರ್ಮರುಗಳನ್ನು ಚಾಸಿಯ (ಲೋಹದ ಪೆಟ್ಟಿಗೆಯ) ಮೇಲೆ ಹೇಗೆ ಕೂರಿಸುವುದು? ಇದು ನನಗೆ ತುಂಬ ಇಷ್ಟವಾದ ಹಂತ. ಔಟ್‌ಪುಟ್ ಟ್ರಾನ್ಸ್‌ಫಾರ್ಮರಿನ ಸ್ಪೀಕರ್ ತಂತಿಗೆ ಹಳೇ ಹೆಡ್‌ಫೋನ್ ಸಿಕ್ಕಿಸಿ. ಅದಕ್ಕೆ ಬೇರೇನೂ ಜೋಡಿಸಬೇಡಿ. ಮೇನ್ಸ್ ಟ್ರಾನ್ಸ್‌ಫಾರ್ಮರಿನ ಸೆಕೆಂಡರಿ ತುದಿಗಳಿಗೆಲ್ಲ ಟೇಪ್ ಸುತ್ತಿ, ಅದೊಂದಕ್ಕೇ ಕರೆಂಟು ಕೊಡಿ. ಈಗ ಔಟ್‌ಪುಟ್ ಟ್ರಾನ್ಸ್‌ಫಾರ್ಮರನ್ನು ನಿಧಾನವಾಗಿ ತಿರುಗಿಸಿ. ಗುಂಯ್ ಅನ್ನುತ್ತಿದ್ದದ್ದು ಒಂದು ಕೋನದಲ್ಲಿ ತಟ್ಟನೆ ಸಣ್ಣಗಾಗುತ್ತದೆ. ಅಲ್ಲೇ ಪೆನ್ಸಿಲ್ ಗುರುತು ಹಾಕಿ.

ವೈರಿಂಗ್‌ನಲ್ಲಿ ಹೆಚ್ಚಿನವರು ಎಡವುವ ಜಾಗ ಒಂದಿದೆ. ಟ್ರಾನ್ಸ್‌ಫಾರ್ಮರಿನ ನಡುವಿನ ತಂತಿ ನೇರವಾಗಿ ಮೊದಲ ಕೆಪಾಸಿಟರಿನ ನೆಗೆಟಿವ್‌ಗೆ ಹೋಗಬೇಕು. ಚಾಸಿಗೆ ಹೋಗಿ ಅಲ್ಲಿಂದ ಸುತ್ತಿ ಬರುವ ಹಾಗಿಲ್ಲ, ಬಂದರೆ ಎಷ್ಟು ಸೋಸಿದರೂ ಗುಂಯ್ ಹೋಗುವುದಿಲ್ಲ. ಹೀಟರ್ ತಂತಿ ಎರಡನ್ನೂ ಬತ್ತಿಯ ಹಾಗೆ ಹೊಸೆದು ಚಾಸಿಯ ಮೂಲೆಗೆ ಒತ್ತಿ ಎಳೆಯಿರಿ, ಎರಡರಿಂದಲೂ ಗ್ರೌಂಡಿಗೆ (ಸಪ್ಲೈಯ ನೆಗೆಟಿವ್‌ಗೆ) 100 ಓಮ್ ಒಂದೊಂದು. ಮೇನ್ಸ್‌ಗೆ 500 ಮಿಲಿಆಂಪಿಯರ್ ಸ್ಲೋ ಬ್ಲೋ ಫ್ಯೂಸ್, ಮೂರು ಪಿನ್ನಿನ ಪ್ಲಗ್. ಅರ್ತ್ ತಂತಿ ಚಾಸಿಗೆ ಬೋಲ್ಟ್ ಹಾಕಿ ಬಿಗಿಯಿರಿ.

ಮೊದಲ ಸಲ ಆನ್ ಮಾಡುವಾಗ 60 ವ್ಯಾಟಿನ ಹಳೇ ತಂತಿ ಬಲ್ಬ್ ಇರುವ ಸೀರೀಸ್ ಬೋರ್ಡ್ ಬಳಸಿ, ಅಂದರೆ ಕರೆಂಟು ಬಲ್ಬನ್ನು ದಾಟಿಯೇ ಆಂಪ್ಲಿಫೈಯರಿಗೆ ಬರಲಿ. ಎಲ್‌ಇಡಿ ನಡೆಯುವುದಿಲ್ಲ. ವಾಲ್ವ್ ಸಿಕ್ಕಿಸಬೇಡಿ. ಬಲ್ಬ್ ಒಮ್ಮೆ ಮಿನುಗಿ ಮಂಕಾದರೆ ಸರಿ, ಪೂರ್ತಿ ಉರಿದರೆ ಎಲ್ಲೋ ಶಾರ್ಟ್. ಆಮೇಲೆ ವಾಲ್ವ್ ಹಾಕಿ, ಸ್ಪೀಕರ್ ಜೋಡಿಸಿ, ನೇರ ಮೇನ್ಸ್ ಕೊಟ್ಟು, ಕಪ್ಪು ಪ್ರೋಬನ್ನು ಚಾಸಿಗೆ ಕಚ್ಚಿಸಿ ಒಂದೇ ಕೈಯಲ್ಲಿ ವೋಲ್ಟ್ ಅಳೆಯಿರಿ.

ಇನ್ನೂ ಗುಂಯ್ ಅಂದರೆ ಕಿವಿಗೊಟ್ಟು ಕೇಳಿ. ದಪ್ಪ, ತಗ್ಗಿನ ದನಿ 50 ಹರ್ಟ್ಸ್, ಹೀಟರ್ ಅಥವಾ ಅರ್ತ್ ತಂತಿಯದ್ದು. ಅದಕ್ಕಿಂತ ಒಂದು ಸ್ಥಾಯಿ ಮೇಲಿನದು 100, ಸೋಸುವ ಕಡೆ ಏನೋ ಕಮ್ಮಿಯಾಗಿದೆ. ನನ್ನದರಲ್ಲಿ ಕೊನೆಗೆ ಉಳಿದದ್ದು 50ರದ್ದು. ಎಡಗಡೆ ಇಎಲ್84 ಹತ್ತಿರ ಹೀಟರ್ ತಂತಿ ಒಂದು ಬೆರಳಿನಷ್ಟು ಹೊಸೆಯದೆ ಬಿಟ್ಟಿದ್ದೆ.