ಮೊದಲು ಉಸಿರು, ಆಮೇಲೆ ಕೈಕಾಲು: ವಿಶೇಷಚೇತನರಿಗೆ ಈಜು ಕಲಿಸುವ ಬಗೆ

ನಮ್ಮ ಬಹುತೇಕ ಈಜುಕೊಳಗಳಲ್ಲಿ ಪಾಠ ಶುರುವಾಗುವುದೇ ಅಂಚು ಹಿಡಿದು ಕಾಲು ಬಡಿಯುವುದರಿಂದ. ಕಾಲಿಗೆ ಬಲವಿಲ್ಲದ ಮಗುವನ್ನು ಕರೆತಂದ ತಾಯಿಗೆ ‘ಇವನ ಕೈಲಿ ಆಗಲ್ಲಮ್ಮಾ’ ಎಂಬ ಉತ್ತರ ಸಿಗುವುದೂ ಅಲ್ಲೇ. ಪಾಠದ ಕ್ರಮ ತಿರುಗಿಸಿದರೆ ಆ ಮಗುವೂ ಕಲಿಯುತ್ತದೆ.

1949ರಲ್ಲಿ ಲಂಡನ್ನಿನ ಹ್ಯಾಲಿವಿಕ್ ಶಾಲೆಯ ವಿಶೇಷಚೇತನ ಹುಡುಗಿಯರಿಗೆ ಕಲಿಸುತ್ತ ಜೇಮ್ಸ್ ಮೆಕ್‌ಮಿಲನ್ ಎಂಬ ಎಂಜಿನಿಯರ್ ರೂಪಿಸಿದ ಪದ್ಧತಿ ಇಂದಿಗೂ ಹಲವು ದೇಶಗಳಲ್ಲಿದೆ. ಕಲಿಯುವ ಒಬ್ಬರಿಗೆ ಕಲಿಸುವ ಒಬ್ಬರು; ಇಬ್ಬರೂ ನೀರಿನಲ್ಲೇ. ನಮ್ಮ ಹಳ್ಳಿ ಬಾವಿಗಳಲ್ಲಿ ಬೆನ್ನಿಗೆ ಸೋರೆಬುರುಡೆ ಕಟ್ಟಿ ಇಳಿಸುತ್ತಿದ್ದರಲ್ಲ, ಇಲ್ಲಿ ಅದೂ ಇಲ್ಲ, ಟ್ಯೂಬೂ ಇಲ್ಲ. ದೇಹ ತನ್ನ ಸಮತೋಲವನ್ನು ತಾನೇ ಹುಡುಕಿಕೊಳ್ಳಬೇಕು.

ಇಳಿಯುವ ಮುನ್ನ

ವೈದ್ಯರನ್ನು ಕೇಳದೆ ಶುರು ಮಾಡಬೇಡಿ. ಡೌನ್ ಸಿಂಡ್ರೋಮ್ (ಹುಟ್ಟಿನಿಂದಲೇ ಇರುವ ವರ್ಣತಂತು ವ್ಯತ್ಯಾಸ) ಇರುವ ಕೆಲವರಿಗೆ ಕುತ್ತಿಗೆಯ ಮೇಲ್ಭಾಗದ ಕೀಲು ಸಡಿಲವಿರುತ್ತದೆ, ತಪಾಸಣೆಯಾಗದೆ ಡೈವ್ ಬೇಡವೇ ಬೇಡ. ಬೆನ್ನುಹುರಿಗೆ ಪೆಟ್ಟಾದವರಿಗೆ ಕಾಲು ತಳಕ್ಕೆ ಉಜ್ಜಿ ಚರ್ಮ ಕಿತ್ತರೂ ತಿಳಿಯದಿರಬಹುದು, ಕಾಲುಚೀಲ ಹಾಕಿಸಿ. ಸೆರೆಬ್ರಲ್ ಪಾಲ್ಸಿ (ಮಿದುಳಿನ ತೊಂದರೆಯಿಂದ ಸ್ನಾಯುಗಳ ಮೇಲೆ ಹಿಡಿತ ತಪ್ಪುವ ಸ್ಥಿತಿ) ಇದ್ದರೆ ತಣ್ಣೀರಿನಲ್ಲಿ ಸ್ನಾಯುಗಳು ಇನ್ನಷ್ಟು ಬಿಗಿಯುತ್ತವೆ. ಚಳಿಗಾಲದ ಮುಂಜಾನೆಗಿಂತ ಬಿಸಿಲೇರಿದ ಹೊತ್ತು ವಾಸಿ.

ನೀರಿನಲ್ಲಿ

ಅಂಚಿನಲ್ಲಿ ಕೂರಿಸಿ, ಎರಡೂ ಕೈ ನಿಮ್ಮ ಹೆಗಲ ಮೇಲಿಡಿಸಿ, ಮುಂದಕ್ಕೆ ಬಾಗಿಸಿ ಇಳಿಸಿಕೊಳ್ಳಿ. ಮುಖ ನೀರಿಗೆ ಹತ್ತಿರವಾದಾಗಲೆಲ್ಲ ಉಫ್ ಎಂದು ಊದಬೇಕು. ಇದು ತಾನಾಗಿ ಬರುವವರೆಗೆ ಮುಂದಿನ ಹಂತಕ್ಕೆ ಹೋಗಬೇಡಿ, ಅದಕ್ಕೆ ವಾರಗಳೇ ಹಿಡಿದರೂ ಸರಿ.

ಬಳಿಕ ಅಂಗಾತ ತೇಲಿಸುವುದು. ನೀವು ಅವರ ತಲೆಯ ಹಿಂದೆ, ನಿಮ್ಮ ಹೆಗಲು ನೀರಿನ ಮಟ್ಟಕ್ಕಿರಲಿ, ಅಂಗೈ ಅವರ ಬೆನ್ನಿನ ಕೆಳಗಿರಲಿ. ಏಳಲು ಗದ್ದವನ್ನು ಎದೆಗೆ ತಂದು, ಕೈ ಮುಂದೆ ಚಾಚಿ, ಊದಬೇಕು. ದೇಹದ ಒಂದು ಪಕ್ಕ ಬಿಗಿಯಾಗಿದ್ದರೆ ಅಥವಾ ಒಂದು ಕಾಲಿಲ್ಲದಿದ್ದರೆ ದೇಹ ಒಂದು ಕಡೆಗೆ ಉರುಳುತ್ತದೆ. ಕೈಯಿಂದ ಹಿಡಿದು ತಡೆಯಬೇಡಿ. ಉರುಳುವ ದಿಕ್ಕಿನ ಎದುರಿಗೆ ತಲೆ ತಿರುಗಿಸಲು ಹೇಳಿ. ತಲೆಯ ಸಣ್ಣ ಚಲನೆ ಇಡೀ ದೇಹವನ್ನು ನೇರಗೊಳಿಸುವುದನ್ನು ಅವರೇ ಕಂಡುಕೊಳ್ಳಲಿ.

ನಂತರ ಬೋರಲಿನಿಂದ ಅಂಗಾತಕ್ಕೆ ಹೊರಳುವುದು. ಇಡೀ ಕಲಿಕೆಯಲ್ಲಿ ನಾನು ಅತಿ ಮುಖ್ಯವೆನ್ನುವುದು ಇದನ್ನೇ. ಮುಗ್ಗರಿಸಿದರೂ ತಾನೇ ಹೊರಳಿ ಉಸಿರಿಗೆ ಮರಳಬಲ್ಲವರಿಗೆ ನೀರಿನ ಭಯ ಅರ್ಧ ಕಳೆದಂತೆ. ನಿಮ್ಮ ಆಸರೆಯನ್ನು ಸ್ವಲ್ಪ ಸ್ವಲ್ಪವೇ ಕಡಿಮೆ ಮಾಡುತ್ತ ಬನ್ನಿ.

ಕೈಕಾಲಿನ ಹೊಡೆತ ಈಗ. ಪುಸ್ತಕದ ಫ್ರೀಸ್ಟೈಲ್‌ಗೆ ಪಟ್ಟು ಹಿಡಿಯಬೇಡಿ, ಇರುವ ಕೈಕಾಲಿಗೆ ಒಗ್ಗುವ ಹೊಡೆತವೇ ಸರಿಯಾದ ಹೊಡೆತ. ಎಡಗೈ ವೈಕಲ್ಯವಿರುವ ಬೆಂಗಳೂರಿನ ಶರತ್ ಗಾಯಕ್ವಾಡ್ 2014ರ ಇಂಚಿಯಾನ್ ಏಷ್ಯನ್ ಪ್ಯಾರಾ ಗೇಮ್ಸ್‌ನಲ್ಲಿ 6 ಪದಕ ಗೆದ್ದರು.

ಕಾಣದವರಿಗೆ, ಕೇಳದವರಿಗೆ

ಕಣ್ಣು ಕಾಣದವರನ್ನು ಮೊದಲು ಕೊಳದ ಸುತ್ತ ನಡೆಸಿ, ಮೆಟ್ಟಿಲು, ಏಣಿ ಮುಟ್ಟಿಸಿ. ಲೇನ್ ಹಗ್ಗದ ಪಕ್ಕದಲ್ಲೇ ಈಜಿಸಿ. ಸ್ಪರ್ಧೆಗಳಲ್ಲಿ ಗೋಡೆ ಹತ್ತಿರವಾದಾಗ ತುದಿಗೆ ಮೆತ್ತನೆಯ ಚೆಂಡಿರುವ ಕೋಲಿನಿಂದ ಈಜುಗಾರರನ್ನು ತಟ್ಟುತ್ತಾರೆ. ಅಂಥದ್ದನ್ನು ನೀವೂ ಮಾಡಿಕೊಳ್ಳಬಹುದು. ಕಿವಿ ಕೇಳದವರು ಶ್ರವಣಯಂತ್ರ ತೆಗೆದಿಟ್ಟೇ ಇಳಿಯುತ್ತಾರೆ. ಹಾಗಾಗಿ ‘ನಿಲ್ಲು’, ‘ಬಾ’, ‘ಸಾಕು’ ಎಂಬ ಕೈಸನ್ನೆಗಳನ್ನು ದಡದಲ್ಲೇ ಒಪ್ಪಿಕೊಳ್ಳಿ. ಸೂರ್ಯ ನಿಮ್ಮ ಬೆನ್ನಿಗಿದ್ದರೆ ಅವರಿಗೆ ನಿಮ್ಮ ತುಟಿಯೂ ಕಾಣದು, ಸನ್ನೆಯೂ ಕಾಣದು.

ಮೂರ್ಛೆರೋಗ ಇರುವವರ ಮೇಲಿಂದ ಕಣ್ಣು ತೆಗೆಯಲೇಬಾರದು. ನೀರಿನಲ್ಲಿ ಫಿಟ್ಸ್ ಬಂದರೆ ಹಿಂದಿನಿಂದ ಹಿಡಿದು ಮುಖವನ್ನು ನೀರಿನ ಮೇಲಿರಿಸಿ, ಗೋಡೆಯಿಂದ ದೂರ ಸರಿಸಿ, ಸಹಾಯಕ್ಕೆ ಕೂಗಿ. ಫಿಟ್ಸ್ ನಿಂತ ಮೇಲೆ ದಡಕ್ಕೆ ತಂದು ನೇರವಾಗಿ ಆಸ್ಪತ್ರೆಗೆ ಒಯ್ಯಿರಿ. ನೀರು ಶ್ವಾಸಕೋಶಕ್ಕೆ ಹೋಗಿರಬಹುದು, ಚೇತರಿಸಿಕೊಂಡಂತೆ ಕಂಡರೂ ತೋರಿಸಲೇಬೇಕು.